ಜಾಳಿಗಿ ಅಂಗಡಿಯ ಅಕ್ಕ

ಸೇಡಂ ಸ್ಟೇಷನ್ ರಸ್ತೆಯಲ್ಲಿ ನಾವು ವರ್ಷಗಟ್ಟಲೆ ಸಾಮಾನು ಕೊಂಡ ಹಾರ್ಡ್‌ವೇರ್ ಅಂಗಡಿಗೆ ಈಗ ಹೊಸ ಫಲಕ ಬಂದಿದೆ. ಒಳಗೆ ಬಣ್ಣದ ಡಬ್ಬಿಗಳು, ಹೊಳೆಯುವ ನಲ್ಲಿಗಳು, ಬಚ್ಚಲಿಗೆ ಹಾಕುವ ಟೈಲ್ಸುಗಳು. ನಡೆಸುತ್ತಿರುವವನು ಅಕ್ಕನ ಮೈದುನನ ಮಗ. ಒಳ್ಳೆಯ ಹುಡುಗ, ಗಿರಾಕಿಯನ್ನು ನಗುತ್ತಲೇ ಮಾತಾಡಿಸುತ್ತಾನೆ. ನಾನು ಈಗಲೂ ಬೈಂಡಿಂಗ್ ತಾರು ಅಲ್ಲಿಂದಲೇ ತರುತ್ತೇನೆ. ಆದರೆ ಗಲ್ಲಾದ ಹಿಂದೆ ಅಕ್ಕ ಇಲ್ಲ ಅನ್ನುವುದು ನನಗೆ ಪ್ರತಿ ಸಲವೂ ಮೆಟ್ಟಿಲು ಹತ್ತಿದ ಮೇಲೆಯೇ ನೆನಪಾಗುತ್ತದೆ.

ನಮ್ಮ ಕಸುಬಿಗೆ ಈ ಕಡೆ ರಾಡ್ ಬೈಂಡಿಂಗ್ ಅನ್ನುತ್ತಾರೆ. ಸ್ಲ್ಯಾಬಿರಲಿ, ಕಂಬವಿರಲಿ, ಕಾಂಕ್ರೀಟು ಸುರಿಯುವ ಮುಂಚೆ ಅದರ ಒಳಗೆ ಹೋಗುವ ಕಬ್ಬಿಣದ ಸರಳುಗಳನ್ನು ಅಡ್ಡ ಉದ್ದ ಹಾಸಿ, ಒಂದರ ಮೇಲೊಂದು ಹಾಯುವಲ್ಲೆಲ್ಲ ಬೈಂಡಿಂಗ್ ತಾರು ಅನ್ನುವ ತೆಳ್ಳನೆಯ ತಂತಿಯಿಂದ ಬಿಗಿಯುವ ಕೆಲಸ. ಇದಕ್ಕೆ ಬೇಕಾದ ಸಾಮಾನು ಹೆಚ್ಚಿಲ್ಲ. ತಂತಿ ಕತ್ತರಿಸಲು ಒಂದು ಪಕ್ಕಡ್, ತಿರುವಲು ಒಂದು ಹುಕ್ಕು. ಹುಕ್ಕು ಅಂದರೆ ಗೇಣುದ್ದದ ಕಬ್ಬಿಣದ ಕಡ್ಡಿ. ತುದಿ ಬಾಗಿ ಮೊನಚಾಗಿರುತ್ತದೆ, ಹಿಡಿಯುವ ಕಡೆ ಒಂದು ಕೊಳವೆ. ಮಡಿಸಿದ ತಂತಿಯನ್ನು ಸರಳುಗಳ ಅಡಿಯಿಂದ ತಂದು, ಅದರ ಕುಣಿಕೆಗೆ ಹುಕ್ಕಿನ ತುದಿ ಸಿಕ್ಕಿಸಿ ಮಣಿಕಟ್ಟು ತಿರುವಿದರೆ ಗಂಟು ಬೀಳುತ್ತದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಬಗ್ಗಿ ಕುಳಿತು ಅದನ್ನೇ ಮಾಡಬೇಕು. ಹಾಗಾಗಿ ಹುಕ್ಕು ಕೈಗೆ ಹೊಂದದಿದ್ದರೆ ಆ ದಿನವೇ ಹಾಳು.

ಅಕ್ಕನ ಹೆಸರು ನನಗೆ ಗೊತ್ತು. ಆದರೆ ಆ ಹೆಸರಿನಿಂದ ಅವರನ್ನು ಯಾರೂ ಕರೆದದ್ದನ್ನು ನಾನು ಕೇಳಿಲ್ಲ. ಕೂಲಿಯವರಿಗೆ, ಗುತ್ತೇದಾರರಿಗೆ, ಮನೆ ಕಟ್ಟಿಸುವವರಿಗೆ, ಕೊನೆಗೆ ಅಂಗಡಿಯ ಮುಂದೆ ಆಟೋ ನಿಲ್ಲಿಸುವವರಿಗೂ ಅವರು ಅಂಗಡಿ ಅಕ್ಕನೇ. ಇಲ್ಲಿಯೂ ಹಾಗೆಯೇ ಇರಲಿ.

ಎತ್ತರದ ಹೆಂಗಸು. ಹಣೆಯ ಮೇಲೆ ಅಗಲವಾಗಿ ವಿಭೂತಿ, ಇಳಕಲ್ ಸೀರೆ. ಬೈಂಡಿಂಗ್ ತಾರು ಸುಟ್ಟು ಮೆತ್ತಗೆ ಮಾಡಿದ ತಂತಿಯಾದ್ದರಿಂದ ಮುಟ್ಟಿದವರ ಕೈಗೆ ಮಸಿ ಹತ್ತುತ್ತದೆ. ಅಕ್ಕನ ಬೆರಳುಗಳು ಯಾವಾಗಲೂ ಕಪ್ಪು, ಸೆರಗಿನ ಒಂದು ಅಂಚೂ ಕಪ್ಪು. ಬೆವರು ಒರೆಸಿ ಒರೆಸಿ ಮಧ್ಯಾಹ್ನದ ಹೊತ್ತಿಗೆ ವಿಭೂತಿಯ ಮೇಲೂ ಒಂದು ಕಪ್ಪು ಗೆರೆ ಬಂದಿರುತ್ತಿತ್ತು. ಯಾರಾದರೂ ಅದನ್ನು ಹೇಳಿದರೆ, ಅಂಗಡಿ ನಡೆಯುತ್ತಿದೆ ಅಂತ ತಿಳಿದುಕೊಳ್ಳಿ ಎಂದು ನಕ್ಕುಬಿಡುತ್ತಿದ್ದರು.

ಅಂಗಡಿ ಮೊದಲು ಅವರ ಗಂಡನದು. ನಾನು ಕುರಕುಂಟಾದಿಂದ ಬಂದು ಗ್ಯಾಂಗು ಸೇರಿದ ಹೊಸತರಲ್ಲಿ ಅವರಿದ್ದರು. ಸೌಮ್ಯ ಮನುಷ್ಯ, ಕಾಮಾಲೆಯಾಗಿ ತೀರಿಹೋದರು. ದಿನಕರ್ಮ ಮುಗಿದ ಮೇಲೆ ಮೈದುನ ಬಂದು ಅಂಗಡಿಯನ್ನು ಬಾಡಿಗೆಗೆ ಕೊಡೋಣ, ಕುಳಿತಲ್ಲಿಗೇ ಬಾಡಿಗೆ ಬರುತ್ತದೆ ಎಂದನಂತೆ. ಅಕ್ಕನಿಗೆ ಒಬ್ಬಳೇ ಮಗಳು, ಆಗ ಶಾಲೆಗೆ ಹೋಗುತ್ತಿದ್ದಳು. ಅಕ್ಕ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ಹೋಗಿ ಅಂಗಡಿಯ ಬಾಗಿಲು ತೆಗೆದು ಕುಳಿತರು.

ಅವರಿಗೆ ಒಂದು ಸಾಮಾನಿನ ಹೆಸರೂ ಗೊತ್ತಿರಲಿಲ್ಲ. ಅದನ್ನು ಮುಚ್ಚಿಡಲೂ ಇಲ್ಲ. ಗಿರಾಕಿ ಬಂದು ಏನನ್ನಾದರೂ ಕೇಳಿದರೆ, ಒಳಗೆ ಬಂದು ನೀನೇ ತೆಗೆದುಕೋ ಅನ್ನುತ್ತಿದ್ದರು. ತೆಗೆದುಕೊಂಡ ಮೇಲೆ ಇದಕ್ಕೇನು ಅನ್ನುತ್ತಾರೆ, ಇದರಿಂದ ಏನು ಮಾಡುತ್ತಾರೆ, ಹೇಗೆ ಹಿಡಿಯುತ್ತಾರೆ ಎಂದು ಕೇಳಿ, ಅವನು ಹಿಡಿದು ತೋರಿಸುವ ತನಕ ಬಿಡುತ್ತಿರಲಿಲ್ಲ. ಸರಳು ಬಗ್ಗಿಸುವ ಉದ್ದನೆಯ ಚಾವಿಯನ್ನು ಹೇಗೆ ಹಿಡಿಯಬೇಕು ಎಂದು ನಾನೇ ಅವರಿಗೆ ಒಮ್ಮೆ ತೋರಿಸಿದ್ದೇನೆ. ಅವರು ಅದನ್ನು ಎರಡೂ ಕೈಯಿಂದ ಎತ್ತಿ ನೋಡಿ, ಇದನ್ನು ದಿನವೆಲ್ಲ ಎಳೆದರೆ ಸೊಂಟದ ಗತಿ ಏನು ಎಂದು ಕೇಳಿದರು. ಆ ಪ್ರಶ್ನೆಯನ್ನು ಅದಕ್ಕೂ ಮೊದಲು ನನ್ನನ್ನು ಯಾರೂ ಕೇಳಿರಲಿಲ್ಲ.

ಜಾಳಿಗಿ ಬಂದದ್ದು ಆ ದಿನಗಳಲ್ಲೇ. ಒಬ್ಬ ಆಳು ಹಿಂದಿನ ದಿನ ಕೊಂಡಿದ್ದ ಹುಕ್ಕನ್ನು ತಂದು ಗಲ್ಲಾದ ಮೇಲೆ ಇಟ್ಟು, ಇದು ಸರಿಯಾಗಿ ತಿರುಗುವುದಿಲ್ಲ, ಬೇರೆ ಕೊಡಿ ಎಂದ. ನಾನು ಪಕ್ಕದಲ್ಲೇ ತಾರು ತೂಗಿಸುತ್ತ ನಿಂತಿದ್ದೆ. ಅಕ್ಕ ಹುಕ್ಕನ್ನು ತಿರುವಿ ಮುರುವಿ ನೋಡಿದರು. ಆಮೇಲೆ ಅವನ ಮುಖ ನೋಡಿದರು.

"ಹುಕ್ ಕೆಟ್ಟದೋ, ನೀ ಸುಳ್ಳ ಹೇಳ್ಲಿಕತ್ತೀದ್ಯೋ, ನನಗ ತಿಳೀವಲ್ದು ತಮ್ಮಾ," ಎಂದರು. "ತಿಳಿಯೂ ಹಂಗ ಒಂದು ವ್ಯವಸ್ಥಾ ಮಾಡ್ತೀನಿ. ನಾಳಿಗಿ ಬಾ."

ಮರುದಿನ ಅಂಗಡಿಯ ಮುಂದಿನ ಫರಸಿ ಕಲ್ಲಿನ ಕಟ್ಟೆಯ ಮೇಲೆ ವೆಲ್ಡಿಂಗ್ ಅಂಗಡಿಯಿಂದ ಮಾಡಿಸಿ ತಂದ ಒಂದು ಚೌಕಟ್ಟು ನಿಂತಿತ್ತು. ನಾಲ್ಕು ಕಾಲು, ಮೇಲೆ ಅಡ್ಡ ಉದ್ದ ಸರಳುಗಳು, ಮಂಚದ ನವಾರಿನ ಹಾಗೆ. ಅದನ್ನೇ ನಾವು ಜಾಳಿಗಿ ಅಂದೆವು. ಹುಕ್ಕು ಕೊಳ್ಳುವವರು ಅದರ ಮೇಲೆ ಎರಡು ಗಂಟು ಹಾಕಿ ನೋಡಿ, ಕೈಗೆ ಹಿಡಿಸಿದರೆ ಮಾತ್ರ ಒಯ್ಯಬೇಕು ಅನ್ನುವುದು ಹೊಸ ಪದ್ಧತಿಯಾಯಿತು. ಹುಕ್ಕು ವಾಪಸು ತಂದವನೂ ಬಂದ. ಅವನ ಹುಕ್ಕಿನಿಂದ ಅಕ್ಕ ತಾವೇ ಗಂಟು ಹಾಕಲು ನೋಡಿದರು. ಕೊಳವೆಯೊಳಗೆ ಕಡ್ಡಿ ನಿಜವಾಗಿಯೂ ಸಿಕ್ಕಿಕೊಂಡಿತ್ತು. ಬೇರೆ ಹುಕ್ಕು ಕೊಟ್ಟು, ನಿನ್ನೆ ನಿನಗೆ ಸುಳ್ಳುಗಾರ ಅಂದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಎಲ್ಲರ ಎದುರಿಗೇ ಹೇಳಿದರು. ಆ ಆಳು ಆಮೇಲೆ ಬೇರೆ ಅಂಗಡಿಯ ಮೆಟ್ಟಿಲು ಹತ್ತಿದ್ದನ್ನು ನಾನು ನೋಡಲಿಲ್ಲ.

ಅಲ್ಲಿಂದ ಅದು ಜಾಳಿಗಿ ಅಂಗಡಿ ಆಯಿತು. ಚಿತ್ತಾಪುರ, ಶಹಾಬಾದ ಕಡೆ ಕೆಲಸ ಮಾಡುವವರೂ ಸೇಡಂಗೆ ಬಂದಾಗ ಅಲ್ಲಿ ಒಂದು ಗಳಿಗೆ ನಿಲ್ಲತೊಡಗಿದರು. ಚಿಂಚೋಳಿ ಗಡಿಯ ಕಡೆಯವರು ಬಂದರೆ ಮಾತು ತೆಲುಗಿಗೆ ತಿರುಗುತ್ತಿತ್ತು, ಶಹಾಬಾದದವರು ಬಂದರೆ ಅರ್ಧ ಉರ್ದು. ಅಕ್ಕ ಎಲ್ಲರಿಗೂ ತಮ್ಮ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದರು, ಎಲ್ಲರಿಗೂ ತಿಳಿಯುತ್ತಿತ್ತು. ಸಂಜೆಯಾದರೆ ಜಾಳಿಗಿಯ ತುಂಬ ಗಂಟುಗಳು. ಬಾಗಿಲು ಹಾಕುವ ಮುಂಚೆ ಅಕ್ಕ ಪಕ್ಕಡ್ ಹಿಡಿದು ಕುಳಿತು ಒಂದೊಂದನ್ನೇ ಕತ್ತರಿಸಿ ತೆಗೆಯುತ್ತಿದ್ದರು. ಹಾಗೆ ಕತ್ತರಿಸುತ್ತಲೇ ಅವರಿಗೆ ಗಂಟುಗಳ ಗುರುತು ಸಿಕ್ಕಿತು. ಇದು ಎಡಗೈಯವನದು, ಇದು ಅವಸರದವನದು, ಇದು ಊಟ ಮಾಡದೆ ಬಂದವನದು ಎಂದು ತಮಾಷೆ ಮಾಡುತ್ತಿದ್ದರು. ಕೊನೆಯದು ಹೇಗೆ ಗೊತ್ತಾಗುತ್ತದೆ ಎಂದು ನಾನು ಕೇಳಿದರೆ, ಸುಮ್ಮನೆ ಹೇಳಿದೆ, ನಿನ್ನ ಮುಖ ನೋಡಿ ಹೇಳಿದೆ ಎಂದು ಒಳಗಿನಿಂದ ಒಂದು ಬಟ್ಟಲು ಚುರಮುರಿ ತಂದು ಕೊಟ್ಟರು.

ಅಕ್ಕ ಒಳ್ಳೆಯ ವ್ಯಾಪಾರಿಯಾಗಿರಲಿಲ್ಲ ಎಂದು ಅವರ ಮೈದುನ ಹೇಳುತ್ತಿದ್ದ. ಅವನ ಮಾತಿನಲ್ಲಿ ಹುರುಳಿತ್ತು. ಬೇಡವಾದದ್ದನ್ನು ಅವರು ಮಾರುತ್ತಿರಲಿಲ್ಲ. ಒಬ್ಬ ಯಜಮಾನರು ಮನೆಯ ಸ್ಲ್ಯಾಬಿನ ಖುಷಿಗೆ ಆಳುಗಳಿಗೆಲ್ಲ ಒಳ್ಳೆಯ ಹುಕ್ಕು ಕೊಡಿಸುತ್ತೇನೆ ಎಂದು ಬಂದರು. ಆ ಆಳುಗಳನ್ನು ಕೇಳಿದ್ದೀರಾ ಎಂದು ಅಕ್ಕ ಕೇಳಿದರು. ಇಲ್ಲ. ಹಾಗಾದರೆ ಅವರನ್ನೇ ಕರೆದುಕೊಂಡು ಬನ್ನಿ ಎಂದು ಬರಿಗೈಯಲ್ಲಿ ಕಳಿಸಿದರು. ಯಜಮಾನರಿಗೆ ಸಿಟ್ಟು ಬಂತು, ಆದರೂ ಕರೆದುಕೊಂಡು ಬಂದರು. ಒಬ್ಬೊಬ್ಬ ಒಂದೊಂದು ತರಹದ್ದನ್ನು ಆರಿಸಿದ. ಒಬ್ಬ ಮಾತ್ರ, ನನಗೆ ಹುಕ್ಕು ಇದೆ, ನನಗೆ ಪಕ್ಕಡ್ ಕೊಡಿಸಿ ಎಂದ. ಯಜಮಾನರು ನಗುತ್ತ ಕೊಡಿಸಿದರು.

ಇನ್ನೊಂದು ಸಲ ಆಡಕಿ ಕಡೆಯ ಒಬ್ಬ ಹೆಣ್ಣುಮಗಳು ಬಂದಳು. ಕಾಂಕ್ರೀಟಿನ ಬುಟ್ಟಿ ಹೊರುವ ಕೆಲಸದವಳು. ನನಗೂ ಒಂದು ಹುಕ್ಕು ಬೇಕು, ಕಟ್ಟುವುದನ್ನು ಕಲಿಯುತ್ತೇನೆ ಎಂದಳು. ಕಟ್ಟೆಯ ಮೇಲಿದ್ದ ನಾವು ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಕ್ಕ ನಮ್ಮ ಕಡೆ ತಿರುಗಲೇ ಇಲ್ಲ. ಆಕೆಯ ಕೈ ಹಿಡಿದು ನೋಡಿ, ಇದ್ದ ಹುಕ್ಕುಗಳ ಹಿಡಿ ಎಲ್ಲ ನಿನಗೆ ದಪ್ಪ ಎಂದು, ಸಣ್ಣ ಕೊಳವೆಯದೊಂದನ್ನು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿಕೊಟ್ಟರು. ಆಕೆ ಈಗ ನನ್ನದೇ ಗ್ಯಾಂಗಿನಲ್ಲಿ ಇದ್ದಾಳೆ. ತೊಲೆಯ ಕೆಲಸ ಬಂದರೆ ನಾನು ಮೊದಲು ಕರೆಯುವುದು ಆಕೆಯನ್ನು.

ನನ್ನ ಕೈ ಕೆಟ್ಟದ್ದು ಅಂಗಡಿಗೆ ಒಳ್ಳೆಯ ಹೆಸರು ಬಂದ ಮೇಲೆ. ಮೊದಲು ಬೆಳಿಗ್ಗೆ ಎದ್ದಾಗ ಬಲಗೈಯ ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು ಜೋಮು ಹಿಡಿದಿರುತ್ತಿದ್ದವು. ಜಾಡಿಸಿದರೆ ಹೋಗುತ್ತಿತ್ತು. ಆಮೇಲೆ ಕೆಲಸದ ನಡುವೆಯೇ ಬರತೊಡಗಿತು. ಗಂಟು ಬಿಗಿಯಾಯಿತೋ ಇಲ್ಲವೋ ಅನ್ನುವುದು ನಮಗೆ ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯಬೇಕು. ನನಗೆ ತಿಳಿಯದಾಯಿತು. ಹುಕ್ಕಿನದೇ ದೋಷ ಎಂದು ಹೊಸದು ಕೊಂಡೆ. ಅದೂ ಸರಿಬರಲಿಲ್ಲ, ಇನ್ನೊಂದು ಕೊಂಡೆ. ಮತ್ತೊಂದು ಕೊಳ್ಳಲು ಹೋದಾಗ ಅಕ್ಕ ಕೊಟ್ಟರು. ಕೊಡುವಾಗ ನನ್ನ ಕೈಯ ಕಡೆ ನೋಡಿದರು.

ಅದೇ ದಿನಗಳಲ್ಲಿ ಒಬ್ಬ ದೊಡ್ಡ ಗುತ್ತೇದಾರರು ವಾಡಿ ಕಡೆ ಒಂದು ಗೋದಾಮಿನ ಕೆಲಸ ಹಿಡಿದಿದ್ದರು. ಸೇಡಂನ ಆಳುಗಳು ಬೇಕಾಗಿದ್ದರು. ತಾರು ಒಯ್ಯಲು ಅಕ್ಕನ ಅಂಗಡಿಗೆ ಅದುವರೆಗೆ ಅವರ ಲಾರಿಯಷ್ಟೇ ಬರುತ್ತಿತ್ತು, ಒಳ್ಳೆಯ ಆಳುಗಳೂ ಅಲ್ಲೇ ಸಿಗುತ್ತಾರೆ ಎಂದು ಯಾರೋ ಅವರಿಗೆ ಹೇಳಿದ್ದಾರೆ. ಗುತ್ತೇದಾರರು ಜೀಪಿನಲ್ಲಿ ಬಂದು ಇಳಿದರು. ಜಾಳಿಗಿ ಕಂಡಿತು. ಒಬ್ಬೊಬ್ಬರೇ ಬನ್ನಿ, ಒಂದು ಸಾಲು ಕಟ್ಟಿ ತೋರಿಸಿ, ಬೇಗ ಕಟ್ಟಿದವರಿಗೆ ಕೆಲಸ ಎಂದರು. ಅದರಲ್ಲಿ ಕೆಟ್ಟದ್ದೇನೂ ನಮಗೆ ಕಾಣಲಿಲ್ಲ. ವರ್ಷವಿಡೀ ನಡೆಯುವ ಕೆಲಸ, ಎಲ್ಲರಿಗೂ ಬೇಕಾಗಿತ್ತು. ಸುದ್ದಿ ಹಬ್ಬಿ ಕಟ್ಟೆಯ ಸುತ್ತ ಜನ ನೆರೆದರು. ಚಹಾ ಅಂಗಡಿಯವನೂ ಬಂದು ನಿಂತ.

ನನಗಿಂತ ಮುಂಚೆ ಕಟ್ಟಿದ ಹುಡುಗ ನಮ್ಮಲ್ಲೆಲ್ಲ ಚುರುಕು. ನೋಡುವವರ ಕಣ್ಣು ತಂತಿಯನ್ನು ಹಿಡಿಯುವುದರೊಳಗೆ ಗಂಟು ಮುಗಿದಿರುತ್ತಿತ್ತು. ಜನ ಸೀಟಿ ಹೊಡೆದರು. ನಾನು ಬಗ್ಗಿ ಶುರುಮಾಡಿದೆ. ಮೊದಲ ಗಂಟುಗಳು ಸರಿಬಂದವು. ನಡುವೆ ಬೆರಳು ಜೋಮು ಹಿಡಿಯಿತು. ನಿಲ್ಲಿಸಿ ಕೈ ಜಾಡಿಸಿದರೆ ಎಲ್ಲರಿಗೂ ಗೊತ್ತಾಗುತ್ತದೆ ಎಂದು ಹಾಗೇ ತಿರುವುತ್ತ ಹೋದೆ. ಹುಕ್ಕು ಕೈಯಲ್ಲಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಅದು ಜಾರಿ ಫರಸಿಯ ಮೇಲೆ ಬಿದ್ದ ಸದ್ದು ಕೇಳಿದಾಗಲೇ ನನಗೆ ಗೊತ್ತಾದದ್ದು. ಎತ್ತಿಕೊಳ್ಳಲು ಹೋದೆ, ಬೆರಳು ಮಡಚಲಿಲ್ಲ. ಹಿಂದೆ ಯಾರೋ ನಕ್ಕರು. ಗುತ್ತೇದಾರರು ನಗಲಿಲ್ಲ. ಅವರು ಮುಂದಿನವನನ್ನು ಕರೆದರು.

ಅಕ್ಕ ಗಲ್ಲಾ ಬಿಟ್ಟು ಹೊರಗೆ ಬಂದರು. ಬಗ್ಗಿ ನನ್ನ ಹುಕ್ಕನ್ನು ಎತ್ತಿ ಸೆರಗಿನಿಂದ ಒರೆಸಿ ಜಾಳಿಗಿಯ ಮೇಲೆ ಇಟ್ಟರು. ಗುತ್ತೇದಾರರ ಕಡೆ ತಿರುಗಿ ಸಣ್ಣ ದನಿಯಲ್ಲೇ ಹೇಳಿದರು:

"ಇದು ಹುಕ್ ನೋಡ್ಲಿಕ್ಕ ಇಟ್ಟದ್ದು ಸಾಹೇಬ್ರ. ಮನಷ್ಯಾರ್ನ ನೋಡ್ಲಿಕ್ಕಲ್ಲ."

ಆ ಗುತ್ತೇದಾರರು ಅಕ್ಕನ ಅಂಗಡಿಯ ಬಹು ದೊಡ್ಡ ಗಿರಾಕಿ. ತಾರಿನ ಸುರುಳಿಗಳನ್ನು ಲಾರಿಯಲ್ಲಿ ಒಯ್ಯುತ್ತಿದ್ದವರು. ಅವರ ಮುಖ ಕೆಂಪಾಯಿತು. ತಾವು ಯಾರಿಗೂ ಅವಮಾನ ಮಾಡಿಲ್ಲ, ಕೆಲಸ ಕೊಡುವವನು ಕೈ ನೋಡಬಾರದೇ ಎಂದು ಕೇಳಿದರು. ನೋಡಿ, ಕೆಲಸ ನಡೆಯುವಲ್ಲಿ ಹೋಗಿ ನೋಡಿ, ಅಲ್ಲಿ ಯಾರೂ ಸೀಟಿ ಹೊಡೆಯುವುದಿಲ್ಲ ಎಂದರು ಅಕ್ಕ. ಗುತ್ತೇದಾರರು ಜೀಪು ಹತ್ತಿ ಹೋದರು. ಬಹಳ ತಿಂಗಳು ಅವರ ಲಾರಿ ಆ ಅಂಗಡಿಯ ಮುಂದೆ ನಿಲ್ಲಲಿಲ್ಲ.

ಜನ ಚದುರಿದ ಮೇಲೆ ಅಕ್ಕ ನನ್ನನ್ನು ಒಳಗೆ ಕರೆದು ಸ್ಟೂಲಿನ ಮೇಲೆ ಕೂಡಿಸಿದರು. ಕೈ ಚಾಚು ಎಂದರು, ಚಾಚಿದೆ. ಮುಷ್ಟಿ ಹಿಡಿ ಎಂದರು, ಅರ್ಧಕ್ಕೆ ನಿಂತಿತು.

"ನೀ ಹುಕ್ ಬದಲಾಯಿಸ್ಲಿಕತ್ತೀದಿ ತಮ್ಮಾ," ಎಂದರು. "ಹುಕ್ ಎಲ್ಲಾ ಬರೋಬ್ಬರಿ ಅವ. ನಿನ್ನ ಕೈಗಿ ಏನೋ ಆಗ್ಯದ."

ಆ ಮಾತು ನನಗೂ ಒಳಗೆ ಗೊತ್ತಿದ್ದದ್ದೇ. ಬೇರೆಯವರ ಬಾಯಿಂದ ಬಂದಾಗ ತಡೆದುಕೊಳ್ಳಲಾಗಲಿಲ್ಲ. ನನ್ನ ಕೈಗೆ ಏನೂ ಆಗಿಲ್ಲ, ನೀವು ನಡುವೆ ಬಾಯಿ ಹಾಕದಿದ್ದರೆ ನಾನು ಸಾಲು ಮುಗಿಸುತ್ತಿದ್ದೆ ಎಂದು ಕೂಗಾಡಿ ಹೊರಟುಬಂದೆ. ಆಮೇಲೆ ಕೆಲವು ದಿನ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹೋದೆ. ಅಲ್ಲಿಯೂ ಒಂದು ಹುಕ್ಕು ಕೊಂಡೆ. ಅದರಿಂದಲೂ ಏನೂ ಆಗಲಿಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ರೊಟ್ಟಿ ಮುರಿಯಲು ಬಾರದೆ ಎಡಗೈ ಹಚ್ಚಿದೆ. ನನ್ನ ಹೆಂಡತಿ ಅದನ್ನು ನೋಡಿದಳು. ತಾನೇ ರೊಟ್ಟಿ ಮುರಿದು ನನ್ನ ತಟ್ಟೆಗೆ ಹಾಕಿದಳು. ಮರುದಿನ ನಾನು ಜಾಳಿಗಿ ಅಂಗಡಿಗೆ ಹೋದೆ.

ಕಟ್ಟೆಯ ಮೇಲೆ ಜಾಳಿಗಿ ಇರಲಿಲ್ಲ. ಅಕ್ಕ ಅದನ್ನು ಒಳಗೆ, ತಾರಿನ ಸುರುಳಿಗಳ ಹಿಂದೆ ಇಡಿಸಿದ್ದರು. ಅಲ್ಲಿ ಒಬ್ಬನಿಗೆ ಮಾತ್ರ ನಿಲ್ಲಲು ಜಾಗ. ಕೊಳ್ಳುವವನು ತನ್ನಷ್ಟಕ್ಕೆ ಎರಡು ಗಂಟು ಹಾಕಿ ನೋಡಬಹುದು. ನಾನು ಹೋದಾಗ ಆ ಚುರುಕಿನ ಹುಡುಗ ಅಕ್ಕನ ಎದುರಿಗೆ ನಿಂತು ಜಗಳ ಮಾಡುತ್ತಿದ್ದ. ಅವನದೂ ನ್ಯಾಯವೇ. ಕಟ್ಟೆಯ ಮೇಲೆ ನಾಲ್ಕು ಜನರ ಕಣ್ಣಿಗೆ ಬಿದ್ದೇ ಅವನಿಗೆ ಕೆಲಸ ಸಿಗುತ್ತಿತ್ತು. ಅವನಿಗೆ ಗ್ಯಾಂಗು ಇಲ್ಲ, ಮೇಸ್ತ್ರಿ ಇಲ್ಲ, ಆ ಜಾಳಿಗಿಯೇ ಎಲ್ಲ. ನನ್ನ ಹೊಟ್ಟೆಯ ಮೇಲೆ ಹೊಡೆದಿರಿ ಎಂದ. ಅಕ್ಕ ಅವನು ಹೇಳಿದ್ದನ್ನೆಲ್ಲ ಕೇಳಿದರು. ಕೊನೆಗೆ, ನಿನ್ನ ಮಾತೂ ಖರೆ, ನಾನು ಅಷ್ಟು ವಿಚಾರ ಮಾಡಿರಲಿಲ್ಲ ಎಂದರು. ಜಾಳಿಗಿ ಮಾತ್ರ ಹೊರಗೆ ಬರಲಿಲ್ಲ. ಬದಲಿಗೆ ಆವತ್ತಿನಿಂದ ಅಂಗಡಿಗೆ ಬಂದ ಪ್ರತಿ ಗುತ್ತೇದಾರರಿಗೂ ಇಂಥವನು ಇಂಥ ಕಡೆ ಕಟ್ಟುತ್ತಿದ್ದಾನೆ, ಹೋಗಿ ನೋಡಿ ಎಂದು ಅವನ ವಿಷಯ ಹೇಳತೊಡಗಿದರು. ಅವನ ವಿಷಯ ಮಾತ್ರವಲ್ಲ, ನಮ್ಮೆಲ್ಲರದೂ.

ನಾನು ಕೂಗಾಡಿ ಹೋದದ್ದನ್ನು ಅವರು ಎತ್ತಲಿಲ್ಲ. ಬಂದೆಯಾ, ಕೂಡು ಎಂದು ಒಂದು ಹೊಸ ತರಹದ ಹುಕ್ಕನ್ನು ಕೈಗಿಟ್ಟರು. ಅದರ ಹಿಡಿಯೊಳಗೆ ಸುರುಳಿ ಕೊರೆದ ಕಡ್ಡಿ. ತಂತಿಗೆ ಸಿಕ್ಕಿಸಿ ನೇರವಾಗಿ ತನ್ನ ಕಡೆ ಎಳೆದರೆ ತುದಿ ತಾನೇ ತಿರುಗಿ ಗಂಟು ಹಾಕುತ್ತದೆ, ಬಿಟ್ಟರೆ ಸ್ಪ್ರಿಂಗು ಅದನ್ನು ಒಳಗೆ ಸೆಳೆದುಕೊಳ್ಳುತ್ತದೆ. ಮಣಿಕಟ್ಟು ತಿರುವುವ ಕೆಲಸವೇ ಇಲ್ಲ. ಹೈದರಾಬಾದಿನಿಂದ ಸಾಮಾನು ತರುವವನಿಗೆ ಹೇಳಿ ತರಿಸಿದ್ದರು. ತಾವೇ ಕುಳಿತು ಗಂಟು ಹಾಕಿ ಹಾಕಿ ನೋಡಿದ್ದರು. ಸ್ಲ್ಯಾಬಿಗೆ ಚೆನ್ನಾಗಿದೆ, ಕಂಬದ ಇಕ್ಕಟ್ಟಿನಲ್ಲಿ ಎಳೆಯಲು ಜಾಗ ಸಾಲುವುದಿಲ್ಲ, ಅಲ್ಲಿ ಹಳೆಯದೇ ಬೇಕು ಎಂದು ಅದರ ಗುಣ ದೋಷ ಎರಡನ್ನೂ ಹೇಳಿದರು. ಆಮೇಲೆ ಫೋನು ತೆಗೆದುಕೊಂಡು ಮಗಳಿಗೆ ಹಚ್ಚಿದರು. ಮಗಳು ಆಗ ನರ್ಸ್ ಕೆಲಸ ಹಿಡಿದು ಚಿತ್ತಾಪುರದಲ್ಲಿದ್ದಳು. ಬೆರಳುಗಳ ವಿಷಯ ಕೇಳಿ, ಇದು ಮಣಿಕಟ್ಟಿನಲ್ಲಿ ನರ ಸಿಕ್ಕಿಕೊಂಡದ್ದಿರಬೇಕು, ಹಾಗೇ ಬಿಟ್ಟರೆ ಬೆರಳ ಶಕ್ತಿ ಹೋಗುತ್ತದೆ, ತಡಮಾಡದೆ ಕಲಬುರಗಿಗೆ ಹೋಗಿ ಡಾಕ್ಟರಿಗೆ ತೋರಿಸಿ ಎಂದಳು.

ತೋರಿಸಿದೆ. ಸಣ್ಣ ಆಪರೇಷನ್ ಆಯಿತು. ಅದೇ ದಿನ ಮನೆಗೆ ಕಳಿಸಿದರು. ಒಂದು ತಿಂಗಳು ಹುಕ್ಕು ಮುಟ್ಟಬೇಡ ಎಂದರು. ಮನೆಯಲ್ಲಿ ಕುಳಿತು ಅಭ್ಯಾಸವಿಲ್ಲದ ನಾನು ಎರಡೇ ದಿನದಲ್ಲಿ ಹೆಂಡತಿಯ ತಲೆ ತಿಂದೆ. ಆಕೆ ಅಂಗಡಿಗೆ ಹೋಗಿ ಅಕ್ಕನಿಗೆ ಹೇಳಿದಳಂತೆ. ಇಲ್ಲಿಗೆ ಕಳಿಸು, ಬಾಯಿ ನೆಟ್ಟಗಿದೆಯಲ್ಲ, ಗಿರಾಕಿಗಳ ಸಂಗಡ ಮಾತಾಡಲಿ ಎಂದು ಕರೆಸಿದರು.

ಆ ತಿಂಗಳು ನನಗೆ ಬಹಳ ಇಷ್ಟದ್ದು. ಅಕ್ಕನನ್ನು ನಾನು ನಿಜವಾಗಿ ನೋಡಿದ್ದು ಆಗಲೇ. ಬೆಳಿಗ್ಗೆ ಬಂದವರು ಮೊದಲು ಹೊಸ ತಾರಿನ ಸುರುಳಿಯ ತುದಿಯನ್ನು ಬೆರಳಿಗೆ ಉಂಗುರದ ಹಾಗೆ ಸುತ್ತಿ ಬಿಡಿಸಿ ನೋಡುತ್ತಿದ್ದರು. ಮೆತ್ತಗೆ ಬಂದರೆ ಸರಿ. ಮುರಿದರೆ ಆ ಸುರುಳಿ ವಾಪಸು. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾದ ಹಿಂಡಿ. ಕೈ ಎಷ್ಟು ತೊಳೆದರೂ ಮಸಿ ಹೋಗುತ್ತಿರಲಿಲ್ಲ, ರೊಟ್ಟಿಯ ಮೇಲೆ ಬೆರಳ ಗುರುತು ಬೀಳುತ್ತಿತ್ತು. ಉಂಡಾದ ಮೇಲೆ ಕುಳಿತಲ್ಲೇ ಕಣ್ಣು ಮುಚ್ಚುತ್ತಿದ್ದರು. ಫೋನು ಬಡಿದುಕೊಂಡರೂ ಎಚ್ಚರವಾಗುತ್ತಿರಲಿಲ್ಲ. ಯಾರಾದರೂ ಹುಕ್ಕುಗಳ ಡಬ್ಬಿಗೆ ಕೈ ಹಾಕಿದರೆ ಸಾಕು, ಕಣ್ಣು ತೆರೆಯದೆಯೇ ಆ ಕೆಳಗಿನವು ಭಾರ, ಮೇಲಿನವನ್ನು ನೋಡು ಅನ್ನುತ್ತಿದ್ದರು.

ಒಂದು ದಿನ ನಾನು ಕೇಳಿದೆ, ಆವತ್ತು ಗುತ್ತೇದಾರರಿಗೆ ಹಾಗೆ ಅಂದಿರಿ, ಅವರ ವ್ಯಾಪಾರ ಹೋಯಿತು, ಈಗ ಹೇಗೆ ಅನ್ನಿಸುತ್ತದೆ ಎಂದು. ಅಕ್ಕ, ಗಂಡ ತೀರಿದ ಮೇಲೆ ಅಂಗಡಿಯಲ್ಲಿ ಕುಳಿತ ಮೊದಲ ದಿನಗಳ ಮಾತು ತೆಗೆದರು. ಇವಳಿಗೆ ಏನು ಬರುತ್ತದೆ ನೋಡೋಣ ಎಂದು ಎದುರಿನ ಸಾಲಿನವರೆಲ್ಲ ಬಂದು ನಿಂತು ನೋಡುತ್ತಿದ್ದರಂತೆ. ಒಬ್ಬ ಬೇಕೆಂದೇ ಇಲ್ಲದ ಸಾಮಾನಿನ ಹೆಸರು ಹೇಳಿ ಹುಡುಕಲು ಹಚ್ಚಿದನಂತೆ. ಅವರು ಅಂಗಡಿಯೆಲ್ಲ ಹುಡುಕಿದರಂತೆ, ಹೊರಗಿನವರು ನಕ್ಕರಂತೆ.

"ನೋಡೂ ಮಂದಿ ಮುಂದ ಕೈ ನಡಗ್ತಾವ ತಮ್ಮಾ," ಎಂದರು. "ನನಗ ಗೊತ್ತದ."

ಅಷ್ಟು ಹೇಳಿ ತಾರು ತೂಗಲು ಎದ್ದರು.

ತಿಂಗಳು ಮುಗಿದ ಮೇಲೆ ನಾನು ಎಳೆಯುವ ಹುಕ್ಕು ಹಿಡಿದು ಕೆಲಸಕ್ಕೆ ಹೋದೆ. ಗ್ಯಾಂಗಿನವರು ನನಗೆ ಸೈಕಲ್ ಪಂಪು ಎಂದು ಹೆಸರಿಟ್ಟರು. ಕೆಲವರು ಅದನ್ನು ಒಮ್ಮೆ ಎಳೆದು ನೋಡಿ ಸುಮ್ಮನಾದರು, ಕೆಲವರು ತಾವೂ ಕೊಂಡರು, ಆ ಚುರುಕಿನ ಹುಡುಗ ಮಾತ್ರ ಇವತ್ತಿಗೂ ಮುಟ್ಟಿಲ್ಲ. ನನ್ನ ಬೆರಳಿಗೆ ಮೆಲ್ಲಗೆ ಅರಿವು ಬಂತು. ಕಂಬದ ಕೆಲಸಕ್ಕೆ ಹಳೆಯ ಹುಕ್ಕನ್ನೂ ಹಿಡಿಯುವಷ್ಟಾಯಿತು. ಮೊದಲಿನ ವೇಗ ಬರಲಿಲ್ಲ. ಆದರೆ ಬೆಳಿಗ್ಗೆ ಎದ್ದು ಹೆಬ್ಬೆರಳಿನಿಂದ ಕಿರುಬೆರಳು ಮುಟ್ಟಿ ನೋಡಿಕೊಂಡು, ಎಲ್ಲ ಇದೆ ಎಂದು ಗೊತ್ತಾಗುವ ಖುಷಿ ಕೈ ಕೆಟ್ಟಿರದವರಿಗೆ ಹೇಳಿದರೆ ತಿಳಿಯುವುದಿಲ್ಲ.

ಗುತ್ತೇದಾರರು ತಿರುಗಿ ಬಂದರು. ಒಂದು ಮಧ್ಯಾಹ್ನ ಲಾರಿ ಬಂದು ನಿಂತಿತು, ಹಿಂದೆ ಜೀಪು. ಬೇರೆಡೆ ಕೊಂಡ ತಾರು ತಿರುವುವಾಗ ಪಟಪಟ ಹರಿಯುತ್ತದೆ ಎಂದು ಆಳುಗಳು ಗೋಳಿಡುತ್ತಿದ್ದರಂತೆ. ಹಿಂದಿನ ಮಾತನ್ನು ಅವರೂ ಎತ್ತಲಿಲ್ಲ, ಅಕ್ಕನೂ ಎತ್ತಲಿಲ್ಲ. ಅಕ್ಕ ಚಹಾ ತರಿಸಿದರು. ಚಹಾ ಕುಡಿಯುತ್ತ, ಆಡಕಿಯಲ್ಲಿ ಒಂದು ಭವನದ ಸ್ಲ್ಯಾಬು ಕಟ್ಟುತ್ತಿದ್ದಾರೆ, ಬಿಡುವಿದ್ದರೆ ಹೋಗಿ ನೋಡಿ ಎಂದು ಮಾತಿನ ನಡುವೆ ಹೇಳಿದರಂತೆ. ಅದನ್ನು ಕಟ್ಟುತ್ತಿದ್ದವರು ನಾವು. ಮರುದಿನ ಗುತ್ತೇದಾರರು ಏಣಿ ಹತ್ತಿ ಬಂದು, ಹಲಗೆಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆದು, ಅಲ್ಲಲ್ಲಿ ಕಾಲಿನಿಂದ ಸರಳು ಒತ್ತಿ ನೋಡಿದರು. ನನ್ನ ಗುರುತು ಹಿಡಿದರೋ ಇಲ್ಲವೋ ಗೊತ್ತಿಲ್ಲ. ಇದು ಮುಗಿದ ಮೇಲೆ ಶಹಾಬಾದಿಗೆ ಬನ್ನಿ ಎಂದಷ್ಟೇ ಹೇಳಿ ಇಳಿದರು. ನಾವು ಅವರ ಕೆಲಸದಲ್ಲಿ ಬಹಳ ಕಾಲ ಇದ್ದೆವು.

ಅಕ್ಕ ಅಂಗಡಿ ಬಿಟ್ಟದ್ದು ಮೊಣಕಾಲಿನಿಂದ. ಮೆಟ್ಟಿಲು ಹತ್ತಿ ಇಳಿಯುವುದು ಕಷ್ಟವಾಯಿತು. ಮಗಳು ಚಿತ್ತಾಪುರದಲ್ಲೇ ನೆಲೆಯಾದಳು, ಅಲ್ಲಿಯವನನ್ನೇ ಮದುವೆಯಾದಳು. ಇಬ್ಬರೂ ಬಂದು ಕರೆದರು. ಅಕ್ಕ ಈ ಸಲವೂ ಹೂಂ ಊಹೂಂ ಅನ್ನದೆ ಒಂದು ವರ್ಷ ತಳ್ಳಿ, ಮೈದುನನ ಮಗನನ್ನು ತಮ್ಮ ಪಕ್ಕದಲ್ಲಿ ಕೂಡಿಸಿಕೊಂಡು ಎಲ್ಲ ತಿಳಿಸಿಕೊಟ್ಟು, ಆಮೇಲೆ ಹೊರಟರು. ಹೊರಟ ದಿನ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ನಾವೆಲ್ಲ ಹಾರ ತರುತ್ತಿದ್ದೆವು, ಅದು ಅವರಿಗೆ ಸೇರುತ್ತಿರಲಿಲ್ಲ.

ಕೆಲವು ಕಾಲದ ಮೇಲೆ ಫೋನು ಬಂತು. ಮನೆ ಕಟ್ಟಿಸುತ್ತಿದ್ದೇವೆ, ಸ್ಲ್ಯಾಬಿಗೆ ನೀನೇ ಬರಬೇಕು, ಆ ಆಡಕಿಯ ಹೆಣ್ಣುಮಗಳನ್ನೂ ಕರೆದುಕೊಂಡು ಬಾ ಎಂದರು. ಹೋದೆವು. ಊರಿನ ಅಂಚಿನಲ್ಲಿ ಚಿಕ್ಕ ಜಾಗ, ಗೋಡೆಗಳು ಎದ್ದಿದ್ದವು. ಅಕ್ಕ ಬೇವಿನ ನೆರಳಿಗೆ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಬೆರಳುಗಳ ಮಸಿ ಹೋಗಿತ್ತು. ನನಗೆ ಅವು ಯಾರದೋ ಕೈಯ ಹಾಗೆ ಕಂಡವು. ತಾರನ್ನು ಮಾತ್ರ ಆರಿಸಿ ತರಲು ತನ್ನನ್ನು ಬಿಟ್ಟಿರಲಿಲ್ಲ ಎಂದು ಅಳಿಯ ನಗುತ್ತ ದೂರಿದ. ಅಂಗಡಿಯವನ ಮುಂದೆ ಪ್ರತಿ ಸುರುಳಿಯನ್ನೂ ಬಿಚ್ಚಿಸಿದರಂತೆ.

ನಾವು ಕಟ್ಟುವುದು ಮುಗಿಸಿದೆವು. ಮರುದಿನ ಬೆಳಿಗ್ಗೆ ಕಾಂಕ್ರೀಟು ಹಾಕುವವರು ಬಂದು ಮಿಕ್ಸರ್ ಚಾಲೂ ಮಾಡಿದರು. ಆಗ ಅಕ್ಕ ಕುರ್ಚಿಯಿಂದ ಎದ್ದು ಏಣಿಯ ಹತ್ತಿರ ಬಂದರು. ಮೇಲೆ ಬರುತ್ತೇನೆ ಎಂದರು. ಮಗಳು ಓಡಿ ಬಂದು, ಮೊಣಕಾಲು ಏನಾಗಬೇಕು ಎಂದಳು. ಅಕ್ಕ ಆಗಲೇ ಚಪ್ಪಲಿ ಬಿಟ್ಟು ಏಣಿಯ ಮೊದಲ ಮೆಟ್ಟಿಲಿನ ಮೇಲೆ ಕಾಲಿಟ್ಟಿದ್ದರು. ನಾನು ಮೇಲಿನಿಂದ ಕೈ ಕೊಟ್ಟೆ, ಕೆಳಗಿನಿಂದ ಅಳಿಯ ಹಿಡಿದ. ಬಹಳ ಹೊತ್ತು ಹಿಡಿಯಿತು. ಹತ್ತಿ ನಿಂತು ಉಸಿರು ಸುಧಾರಿಸಿಕೊಂಡು ನೋಡಿದರು. ಇಷ್ಟು ವರ್ಷ ಹುಕ್ಕು, ತಾರು, ಪಕ್ಕಡ್ ಮಾರಿದ ಹೆಂಗಸು, ಸರಳು ಕಟ್ಟಿ ಮುಗಿಸಿದ ಸ್ಲ್ಯಾಬಿನ ಮೇಲೆ ಒಮ್ಮೆಯೂ ಕಾಲಿಟ್ಟಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಬೆಳಗಿನ ಬಿಸಿಲಿಗೆ ಸರಳುಗಳ ನೆರಳು ಸೆಂಟ್ರಿಂಗ್ ಹಲಗೆಗಳ ಮೇಲೆ ಚೌಕ ಚೌಕವಾಗಿ ಬಿದ್ದಿತ್ತು. ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಲಗೆಯ ಮೇಲೆ ಮೆಲ್ಲಗೆ ನಡೆದು ಹಿಂದಿನ ಕೋಣೆಯ ಮೇಲೆ ಬಂದು ಕುಳಿತರು. ಹುಕ್ಕು ಕೊಡು ಎಂದು ಕೈ ಚಾಚಿದರು.

ಅಲ್ಲಿ ಎಲ್ಲ ಕಟ್ಟಿ ಆಗಿದೆ ಎಂದೆ.

"ಇದರ ಕೆಳಗ ನನ್ನ ಮಂಚ ಬರ್ತದ," ಎಂದರು. "ಇಲ್ಲಿ ಒಂದೊಂದು ಗಂಟು ನಾನೂ ಹಾಕ್ತೀನಿ."

ಕೊಟ್ಟೆ. ಮೊದಲ ಗಂಟಿಗೆ ತಂತಿ ಹರಿಯಿತು. ಬಹಳ ಬಿಗಿ ಮಾಡಿದೆ ಎಂದು ತಮಗೆ ತಾವೇ ಹೇಳಿಕೊಂಡರು. ಎರಡನೆಯದು ನಿಂತಿತು. ಆಮೇಲೆ ಕೈ ಕೂಡಿಬಂತು. ಕುಳಿತಲ್ಲೇ ಸರಿಯುತ್ತ, ನಾವು ಕಟ್ಟಿದ ಗಂಟಿನ ಪಕ್ಕದಲ್ಲಿ ತಮ್ಮದೊಂದು ಗಂಟು ಹಾಕುತ್ತ ಹೋದರು. ಕೆಳಗೆ ಮಿಕ್ಸರ್ ತಿರುಗುತ್ತಿತ್ತು, ಬುಟ್ಟಿ ಹಿಡಿದವರು ಏಣಿಯ ಬುಡದಲ್ಲಿ ಸಾಲಾಗಿ ನಿಂತಿದ್ದರು. ಯಾರೂ ಅವಸರ ಮಾಡಲಿಲ್ಲ. ನನ್ನ ಗ್ಯಾಂಗಿನವರು, ನೋಡಬೇಡಿ ಎಂದು ಯಾರೂ ಹೇಳದಿದ್ದರೂ, ಅಕ್ಕನ ಕಡೆ ಬೆನ್ನು ಮಾಡಿ ಕುಳಿತು ಬೀಡಿ ಹಚ್ಚಿದರು.

ಮುಗಿದ ಮೇಲೆ ಅಕ್ಕ ಹುಕ್ಕನ್ನು ನನ್ನ ಕೈಗಿಟ್ಟು ಎದ್ದರು. ಬೆರಳುಗಳು ಮತ್ತೆ ಕಪ್ಪಾಗಿದ್ದವು. ಅವನ್ನು ನೋಡಿಕೊಂಡು, ಒರೆಸದೆ ಹಾಗೇ ಬಿಟ್ಟು, ಕೆಳಗಿನವರಿಗೆ ಕೇಳುವ ಹಾಗೆ ಹೇಳಿದರು:

"ಈಗ ಹಾಕ್ರಿ."